‘ಇಲ್ಲೇ’ ಎಂದ ಸುಗಲಾ

ಮುರಿಗೆಪ್ಪ ಮಾಸ್ತರರಿಗೆ ಒಬ್ಬಳು ಶಿಷ್ಯೆ ಇದ್ದಳು. ಹೆಸರು ಸುಗಲಾ. ಇಬ್ಬರಿಗೂ ಸೈಕಲ್ಲೆಂದರೆ ಪ್ರಾಣ. ವಿಜಯಪುರದ ಆಚೆಯ ಬಯಲು ಸೀಮೆ ಅವರದು. ಅಲ್ಲಿ ಏರಿಲ್ಲ, ಇಳಿಜಾರಿಲ್ಲ. ಕಣ್ಣು ಹಾಯಿಸಿದಷ್ಟೂ ನೆಲ ಸಮತಟ್ಟು. ನಡುವೆ ಒಂದು ನೀರಾವರಿ ಕಾಲುವೆ, ಅದರ ದಂಡೆಯ ಮೇಲೊಂದು ಕೆಂಪು ಗರಸುಮಣ್ಣಿನ ದಾರಿ. ಆ ದಾರಿಗೆ ಲಾರಿ ಬರುವುದಿಲ್ಲ, ಬಸ್ಸು ಬರುವುದಿಲ್ಲ, ಹಾರ್ನಿನ ಕಾಟವೂ ಇಲ್ಲ. ಎರಡೂ ಬದಿಗೆ ದ್ರಾಕ್ಷಿ ತೋಟಗಳು. ತೋಟಗಳ ಮಧ್ಯೆ ಎಲ್ಲೋ ಒಂದು ಹಳೆಯ ಕೋಟೆ, ಇನ್ನೆಲ್ಲೋ ದೇಸಾಯರ ವಾಡೆ. ಸಂಕ್ರಾಂತಿ ಕಳೆಯಿತೆಂದರೆ ಮಾಸ್ತರರು ಪರವೂರಿನವರನ್ನು ಕಟ್ಟಿಕೊಂಡು ಕೋಟೆಯಿಂದ ಕೋಟೆಗೆ ಸೈಕಲ್ ಸವಾರಿ ಹೊರಡುತ್ತಿದ್ದರು.

ಈಚೆಗೆ ಮಾಸ್ತರರ ಮೊಣಕಾಲು ಮುಷ್ಕರ ಹೂಡಿತ್ತು. ಆ ವರ್ಷದ ಸವಾರಿ ಹೊರಡುವ ಬೆಳಿಗ್ಗೆ ಅವರು ಸುಗಲಾಳನ್ನು ಕರೆದರು.

“ಇವತ್ತ ನೀ ಮುಂದ ಹೋಗವಾ. ಸಂಜೀಕ ಮುಂದಿನ ಕೋಟಿ ಬಾಗಲಾ ಹಾಕೂದ್ರಾಗ ಇವರನ್ನ ಕರಕೊಂಡು ಬಂದಿ ಅಂದ್ರ, ನಾಳಿಂದ ನೀನs ಮುಂದಾಳು. ತಡಾ ಆತು ಅಂದ್ರ ಮುಂದಿನ ವರ್ಷ ನೋಡೂಣು.”

ಹೀಗೆ ಹೇಳಿ, ಗಂಟುಮೂಟೆಗಳ ಜೊತೆ ತಾವೂ ಒಂದು ಟೆಂಪೋ ಹತ್ತಿ ಹೆದ್ದಾರಿ ಹಿಡಿದು ಆ ಕೋಟೆಗೆ ಹೋದರು.

ಸುಗಲಾಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಎಷ್ಟೋ ವರ್ಷದಿಂದ ಬೇರೆಯವರ ಹಿಂದಿನ ಚಕ್ರ ನೋಡುತ್ತಲೇ ಸೈಕಲ್ ತುಳಿದವಳು. ಈ ದಿನ ಅವಳ ಮುಂದೆ ಬರೀ ದಾರಿ.

ಹಿಂದೆ ಬರುತ್ತಿದ್ದವರಲ್ಲಿ ಮೈಸೂರಿನ ಪದ್ಮಾಕ್ಷಮ್ಮ ಎಂಬ ಹೆಂಗಸು ಒಬ್ಬರಿದ್ದರು. ಅವರಿಗೆ ಕಂಡದ್ದೆಲ್ಲ ಕೇಳುವ ಚಟ.

“ಸುಗಲಾ, ಆ ಬುರುಜು ಯಾಕಮ್ಮ ಹೊಲದ ಮಧ್ಯೆ ಒಂದೇ ನಿಂತಿದೆ?”

“ಮೊದಲ ಅಲ್ಲೊಂದು ಊರಿತ್ರಿ. ಊರು ಹೋತು, ಬುರುಜು ಉಳೀತು.”

“ಊರು ಎಲ್ಲಿಗೆ ಹೋಯ್ತು?”

ಸುಗಲಾಳಿಗೆ ಅದು ಗೊತ್ತಿರಲಿಲ್ಲ. ಪೆಡಲ್ ಜೋರಾಗಿ ತುಳಿದಳು. ಪದ್ಮಾಕ್ಷಮ್ಮ ಬಿಡುವವರೇ? ಹಸಿರು ಬಲೆ ಹೊದ್ದ ಚಪ್ಪರ ಯಾತಕ್ಕೆ, ಒಣದ್ರಾಕ್ಷಿಗೆ ಹಳದಿ ಬಣ್ಣ ಹೇಗೆ ಬರುತ್ತದೆ, ಕೋಟೆ ಕಟ್ಟಿದವರು ಇಷ್ಟು ಕಲ್ಲು ಈ ಬಯಲಿಗೆ ಎಲ್ಲಿಂದ ತಂದರು. ಒಂದು ಪ್ರಶ್ನೆ ಮುಗಿಯುವುದರೊಳಗೆ ಇನ್ನೊಂದು ಸಿದ್ಧ. ಸುಗಲಾ ಗೊತ್ತಿದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದಕ್ಕೆ ವೇಗ ಹೆಚ್ಚಿಸಿದಳು. ಮುಂದಾಳಾದವಳು ಯಾರನ್ನಾದರೂ ಏನಾದರೂ ಕೇಳಿದರೆ ಹಿಂದಿನವರಿಗೆ ನಂಬಿಕೆ ಹೋಗುತ್ತದೆ ಎಂಬುದು ಅವಳ ಲೆಕ್ಕಾಚಾರ.

ಮಧ್ಯಾಹ್ನ ದಾಟಿದ ಮೇಲೆ ದಾರಿಯ ಬದಿಗೊಂದು ದೊಡ್ಡ ದ್ರಾಕ್ಷಿ ತೋಟ ಬಂತು. ತೋಟದ ಒಡತಿ ತಾರಾಬಾಯಿ ಬೇಲಿಯ ಬಳಿ ನಿಂತಿದ್ದಳು. ಬಣ್ಣ ಬಣ್ಣದ ಹೆಲ್ಮೆಟ್ಟಿನ ಈ ದಂಡನ್ನು ಕಂಡು ಅವಳ ಮುಖ ಅರಳಿತು.

“ದೂರ ಹೊಂಟೀರೇನವಾ?” ಎಂದು ಕೂಗಿದಳು.

ಮಕ್ಕಳೇ, ಈ ಮಾತು ನಿಮಗೂ ಗೊತ್ತಿದ್ದೀತು. ಹೊರಟವರನ್ನು ‘ಎಲ್ಲಿಗೆ?’ ಎಂದು ನೇರವಾಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಹಾಗೆಂದು ಸುಮ್ಮನಿರಲು ನಾಲಿಗೆ ಬಿಡಬೇಕಲ್ಲ! ಅದಕ್ಕೇ ‘ದೂರ ಹೊರಟಿರಾ?’ ಎಂದು ಸುತ್ತಿಬಳಸಿ ಕೇಳುತ್ತೇವೆ. ಹೇಳುವ ಮನಸ್ಸಿದ್ದವರು ಹೇಳುತ್ತಾರೆ. ಮನಸ್ಸಿಲ್ಲದವರು ‘ಇಲ್ಲೇ’ ಎಂದು ನುಣುಚಿಕೊಳ್ಳುತ್ತಾರೆ. ಕಾಶಿಗೆ ಹೊರಟವರೂ ‘ಇಲ್ಲೇ’ ಎಂದರೆ ನಾವು ಬೇಸರ ಮಾಡಿಕೊಳ್ಳುವುದಿಲ್ಲ.

“ಇಲ್ಲೇರಿ!” ಎಂದಳು ಸುಗಲಾ. ಬ್ರೇಕು ಮುಟ್ಟಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ. ತಾರಾಬಾಯಿ ಇನ್ನೇನೋ ಹೇಳಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿ ನಿಂತೇಹೋಯಿತು. ಪೈಪು ಹೂಳಲು ಯಾರೋ ದಂಡೆಯನ್ನು ಅಡ್ಡಕ್ಕೆ ಅಗೆದು ಬಿಟ್ಟಿದ್ದರು. ಆಳವಾದ ಗುಂಡಿ, ಗುಂಡಿಯ ತುಂಬ ಕೆಸರು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಮುಳ್ಳುಕಂಟಿ. ಆಚೆ ದೂರದಲ್ಲಿ ಕೋಟೆಯ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಕಾಣುತ್ತದೆ, ತಲುಪುವಂತಿಲ್ಲ.

ಸುಗಲಾ ಕತ್ತೆತ್ತಿ ಹೊತ್ತು ನೋಡಿದಳು. ಬೆಳಿಗ್ಗೆ ಬಿಟ್ಟ ಊರಿಗೆ ಮರಳಿ ಹೆದ್ದಾರಿ ಹಿಡಿಯಬೇಕೆಂದರೆ ದಾರಿಯಲ್ಲೇ ಕತ್ತಲಾಗುತ್ತದೆ. ಕೋಟೆಯ ಬಾಗಿಲು ಹಾಕುತ್ತಾರೆ. ಅವಳ ಮುಂದಾಳುತನವೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. “ನೀವು ಇಲ್ಲೇ ಇರ್ರಿ, ಬಂದೆ” ಎಂದು ಉಳಿದವರಿಗೆ ಹೇಳಿ ತೋಟಕ್ಕೆ ಸೈಕಲ್ ತಿರುಗಿಸಿದಳು. ಪದ್ಮಾಕ್ಷಮ್ಮ ಮಾತ್ರ ಅವಳ ಬೆನ್ನುಬಿಡಲಿಲ್ಲ, ಏನಾಗುತ್ತದೋ ನೋಡಬೇಕಲ್ಲ. ಆದರೆ ಸುಗಲಾಳ ವೇಗಕ್ಕೆ ಅವರು ಹಿಂದೆಯೇ ಉಳಿದರು.

“ದಾರಿ ಕಡದಾರ ಅಂತ ನಿಮಗ ಗೊತ್ತಿತ್ತೇನ್ರಿ?” ಎಂದು ಏದುಸಿರಿನಲ್ಲೇ ಕೇಳಿದಳು ಸುಗಲಾ.

“ಗೊತ್ತಿಲ್ಲದ ಏನು? ಹೋದ ವಾರಾನ ಕಡದಾರ.”

“ಮತ್ತ ಯಾಕ ಹೇಳ್ಲಿಲ್ರಿ?”

ತಾರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಅವಳನ್ನೇ ನೋಡಿದಳು. “ಎಲಾ ಇವಳ! ಕೇಳಿದ್ನಿಲ್ಲ ನಾನು? ನೀ ‘ಇಲ್ಲೇ’ ಅಂದಿ. ಇಲ್ಲೇ ಹೋಗೋರಿಗೆ ಅಲ್ಲೀ ಸುದ್ದಿ ಯಾಕ ಹೇಳ್ಲಿ?”

ಸುಗಲಾಳ ಸಿಟ್ಟು ನಿಂತಲ್ಲೇ ಇಳಿದುಹೋಯಿತು. ಸೈಕಲ್ಲಿನಿಂದ ಕೆಳಗಿಳಿದು, ಮೊದಲ ಸಲ ಬಾಯಿಬಿಟ್ಟು ಹೇಳಿದಳು: “ಕೋಟಿಗೆ ಹೊಂಟೀವ್ರಿ ಅಕ್ಕಾರ. ಬಾಗಲಾ ಹಾಕೂದ್ರಾಗ ಮುಟ್ಟಬೇಕು. ಇಲ್ಲಾಂದ್ರ ನನ್ನ ಮುಂದಾಳುತನ ಹೋಗ್ತೈತಿ. ನನಗ ಬ್ಯಾರೆ ದಾರಿ ಗೊತ್ತಿಲ್ರಿ.”

“ಇಷ್ಟs ಹೌದಿಲ್ಲೋ? ಇದನ್ನ ಆಗs ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?” ಎಂದು ತಾರಾಬಾಯಿ ತೋಟದ ಗೇಟು ತೆಗೆದಳು. “ನಮ್ಮ ದ್ರಾಕ್ಷಿ ಸಾಲಿನ ನಡುವ ಹಾದು ಹೋಗ್ರಿ. ತೋಟಾ ಮುಗೀತಂದ್ರ ಬಂಡಿ ದಾರಿ ಸಿಗ್ತೈತಿ. ಅದು ಸೀದಾ ಕೋಟಿ ಬಾಗಲಕ್ಕ ಒಯ್ದು ಬಿಡ್ತೈತಿ. ಎಲ್ಲಾರನೂ ಕರಿ.”

ಸುಗಲಾ ಹೋಗಿ ಎಲ್ಲರನ್ನೂ ಕರೆತಂದಳು. ಪದ್ಮಾಕ್ಷಮ್ಮ ತೋಟ ಮುಟ್ಟುವ ಹೊತ್ತಿಗೆ ಮಾತೆಲ್ಲ ಮುಗಿದು ಗೇಟು ತೆರೆದೇ ಇತ್ತು; ಇದೆಲ್ಲ ಮೊದಲೇ ಗೊತ್ತುಮಾಡಿದ್ದೆಂದು ಅವರು ತಿಳಿದರು. ತಲೆಯ ಮೇಲೆ ದ್ರಾಕ್ಷಿಯ ಚಪ್ಪರ, ಕೈಗೆಟುಕುವಂತೆ ಗೊಂಚಲುಗಳು, ನೆರಳಿನ ನಡುವೆ ಸಣ್ಣ ದಾರಿ. ತಾರಾಬಾಯಿ ಒಬ್ಬೊಬ್ಬರ ಕೈಗೂ ಒಂದೊಂದು ಗೊಂಚಲು ಇಟ್ಟಳು. ಅಷ್ಟೇ ಅಲ್ಲ, ಹೊಲದ ನಡುವಿನ ಬುರುಜಿನ ಊರು ಎಲ್ಲಿಗೆ ಹೋಯಿತೆಂದೂ ಹೇಳಿದಳು: ಬಾವಿಯ ನೀರು ಉಪ್ಪಾಯಿತಂತೆ, ಊರಿಗೆ ಊರೇ ಕೋಟೆಯ ಬದಿಗೆ ಬಂದು ನೆಲೆಸಿತಂತೆ. ಪದ್ಮಾಕ್ಷಮ್ಮನ ಸಂತೋಷ ಕೇಳಬೇಕೇ!

ಕಾವಲುಗಾರ ಬಾಗಿಲಿಗೆ ಕೈಹಚ್ಚುವ ಹೊತ್ತಿಗೆ ದಂಡು ಕೋಟೆ ಮುಟ್ಟಿತು. ಮಾಸ್ತರರು ಅಲ್ಲೇ ಕಲ್ಲಿನ ಮೇಲೆ ಕುಳಿತಿದ್ದರು.

“ಮಾಸ್ತರೇ, ಎಂಥ ಶಿಷ್ಯೆ ನಿಮ್ಮವಳು!” ಎಂದರು ಪದ್ಮಾಕ್ಷಮ್ಮ. “ಆ ಕಾಲುವೆ ದಾರಿ ಬಿಡಿಸಿ ದ್ರಾಕ್ಷಿ ತೋಟದೊಳಗಿಂದ ಕರೆದುಕೊಂಡು ಬಂದಳು. ಮೊದಲೇ ಎಲ್ಲ ಯೋಚನೆ ಮಾಡಿ ಇಟ್ಟುಕೊಂಡಿದ್ದಳು ಅಂತ ಕಾಣುತ್ತೆ.”

ಮಾಸ್ತರರ ಮುಖ ಅರಳಿತು. “ಹೌದೇನವಾ?” ಎಂದು ಸುಗಲಾಳನ್ನು ನೋಡಿದರು.

ಹೌದು ಎಂದರೆ ಮುಗಿಯುತ್ತಿತ್ತು. ಸುಮ್ಮನಿದ್ದರೂ ಸಾಕಿತ್ತು. ಸುಗಲಾಳ ನಾಲಿಗೆಯ ತುದಿಗೆ ‘ಹೌದ್ರಿ’ ಬಂದು ಕೂತಿತ್ತು. ಆದರೆ ತೋಟದ ಬಳಿ ಬಾಯಿ ಮುಚ್ಚಿಕೊಂಡಿದ್ದರ ರುಚಿಯನ್ನು ಅವಳು ಆಗಲೇ ನೋಡಿಯಾಗಿತ್ತು.

“ಇಲ್ರಿ ಸರ್,” ಎಂದಳು. “ದಂಡಿ ಕಡದಿದ್ದು ನನಗ ಗೊತ್ತಿರಲಿಲ್ಲ. ದ್ರಾಕ್ಷಿ ತೋಟದ ಅಕ್ಕಾರು ದೂರ ಹೊಂಟೀರೇನು ಅಂತ ಕೇಳಿದ್ರು, ನಾ ಸೊಕ್ಕಿನಿಂದ ಹೇಳ್ಲಿಲ್ಲ. ಗುಂಡಿ ಮಟಾ ಹೋಗಿ ಹೊಳ್ಳಿ ಬಂದೆ. ಇವರ್ನ ಇಲ್ಲಿಗೆ ಮುಟ್ಟಿಸಿದವರು ಅವರು, ನಾನಲ್ಲ.”

ತನ್ನ ಅವಕಾಶ ಕೈತಪ್ಪಿತು ಎಂದುಕೊಂಡು ಸುಗಲಾ ತಲೆ ತಗ್ಗಿಸಿದಳು. ಮಾಸ್ತರರು ಮೊಣಕಾಲು ತಿಕ್ಕಿಕೊಂಡರು. ಆಮೇಲೆ ಮೆಲ್ಲಗೆ ನಕ್ಕರು.

“ಮೊನ್ನೆ ದಾರಿ ನೋಡಾಕ ನಾನೂ ಆ ತೋಟದ ಮಟಾ ಬಂದಿದ್ದೆ. ಕಾಲು ನೋಯ್ತು, ಅಲ್ಲಿಂದ ಹೊಳ್ಳಿದೆ. ತೋಟದಾಕಿ ನನ್ನೂ ಹಂಗs ಕೇಳಿದ್ಲು. ಇಷ್ಟ ವರ್ಷ ಓಡಾಡಿದ ದಾರಿ, ಈಕೀಗೇನು ಹೇಳೂದು ಅಂತ ನಾನೂ ಬಾಯಿ ಬಿಡಲಿಲ್ಲ. ಬಿಟ್ಟಿದ್ರ ಗುಂಡಿ ಸುದ್ದಿ ನನಗ ಅವತ್ತs ಸಿಗ್ತಿತ್ತು, ನಿನ್ನ ಅಲ್ಲಿಗೆ ಕಳಸ್ತಿರಲಿಲ್ಲ.”

ಸುಗಲಾ ಬೆರಗಾಗಿ ತಲೆಯೆತ್ತಿದಳು.

“ತಪ್ಪು ಇಬ್ರೂ ಮಾಡೀವಿ,” ಎಂದರು ಮಾಸ್ತರರು. “ಮೊದಲ ಒಪ್ಪಿಕೊಂಡಾಕಿ ನೀನು. ನಾಳಿಂದ ನೀ ಮುಂದ ಹೋಗು. ನಾ ಟೆಂಪೋದಾಗ ಕುಂತು ಇನ್ನಷ್ಟು ಕಲೀತೀನಿ.”

ನೀತಿ: ದಾರಿ ಬಲ್ಲವರು ಎಲ್ಲೆಡೆಯೂ ಇದ್ದಾರೆ. ಅವರಿಗೆ ಗೊತ್ತಿಲ್ಲದಿರುವುದು ಒಂದೇ, ನಾವು ಹೋಗಬೇಕಾದ ಜಾಗ. ಅದನ್ನು ಬಾಯಿಬಿಟ್ಟು ಹೇಳಿದವರಿಗೆ ಬೇಲಿಯೂ ಬಾಗಿಲಾಗುತ್ತದೆ. ಜಂಬದಿಂದ ಮುಚ್ಚಿಟ್ಟವರಿಗೆ ತೆರೆದ ದಾರಿಯೂ ಗುಂಡಿಗೆ ಮುಟ್ಟಿಸುತ್ತದೆ.