ಮೂಲೆಯ ಚೂರುಗಳು

ಕೌದಿಗಳ ಪ್ರದರ್ಶನದಲ್ಲಿ ಗುಂಡುಸೂಜಿಯೇ ತೀರ್ಪುಗಾರ. ಊರಿನ ಬಟ್ಟೆಯನ್ನೆಲ್ಲ ಚುಚ್ಚಿ ನೋಡಿದ್ದೇನೆಂಬ ಹೆಗ್ಗಳಿಕೆ ಅವನಿಗೆ. ಒಂದು ಹೊಲಿಗೆಯನ್ನಾದರೂ ಹಾಕಿದವನಲ್ಲ. ಬಾಣಂತಿಯೊಬ್ಬಳು ಹಳೆ ಸೀರೆಗಳನ್ನು ಸೇರಿಸಿ ಹೊಲಿದಿದ್ದ ಕೌದಿಯೊಬ್ಬಳು ಗೋಡೆಯ ಮೇಲೆ ತೂಗುತ್ತಿದ್ದಳು. ಮೊದಲ ಬಹುಮಾನ ತನ್ನನ್ನು ಹೊಲಿದವಳಿಗೇ ಸಿಗಲೆಂದು ಅವಳ ಆಸೆ.

"ಈ ಸಾಲು ಡೊಂಕಾಗಿದೆಯಲ್ಲಮ್ಮ," ಎಂದ ಗುಂಡುಸೂಜಿ.

"ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿದ ಸಾಲು, ಸ್ವಾಮಿ. ಮಗು ಒದೆಯುತ್ತಿತ್ತು."

"ಹೋಗಲಿ, ಕ್ಷಮಿಸಿದ್ದೇನೆ. ಆದರೆ ನಾಲ್ಕು ಮೂಲೆಗೂ ಈ ತ್ರಿಕೋನದ ಚೂರುಗಳೇಕೆ? ನೋಟ ಕೆಡಿಸುತ್ತವೆ. ಕತ್ತರಿಸಿ ಹಾಕು, ಮೊದಲ ಬಹುಮಾನ ನಿನಗೇ."

ಕೌದಿಯ ಮೈ ಉರಿದುಹೋಯಿತು. ಆ ಚೂರುಗಳಿಲ್ಲದ ಕೌದಿಯನ್ನು ಅವಳ ಕೇರಿಯಲ್ಲಿ ಬೆತ್ತಲೆ ಎನ್ನುತ್ತಾರೆ. ಯಾವ ತಾಯಿಯೂ ಅದನ್ನು ಮಗುವಿಗೆ ಹೊದಿಸುವುದಿಲ್ಲ.

"ನಿನ್ನ ಬಹುಮಾನಕ್ಕೆ ನಾನು ಬೆತ್ತಲೆ ನಿಲ್ಲಬೇಕೇನೋ? ಚುಚ್ಚುವುದೊಂದು ಬಿಟ್ಟರೆ ನಿನಗೇನು ಗೊತ್ತು? ಚಳಿಯಲ್ಲಿ ಒಂದು ದಿನವಾದರೂ ನನ್ನನ್ನು ಹೊದ್ದು ಮಲಗಿದ್ದೀಯಾ?"

"ಬಾಯಿ ಬಹಳವಾಯಿತು. ನೀನು ಅನರ್ಹ!" ಎಂದು ಗುಂಡುಸೂಜಿ ತೀರ್ಪಿನ ಚೀಟಿಯನ್ನು ಅವಳ ಎದೆಗೆ ಚುಚ್ಚಿ ನಿಂತ.

ಕೌದಿ ಒಮ್ಮೆ ಮೈ ಕೊಡವಿದಳು. ಚೀಟಿಯ ಸಮೇತ ಗುಂಡುಸೂಜಿ ನೆಲಕ್ಕೆ ಬಿದ್ದ. ಅವಳು ಗೋಡೆಯಿಂದ ಇಳಿದು, ನಾಲ್ಕೂ ಮೂಲೆಗಳನ್ನು ಒಟ್ಟುಗೂಡಿಸಿ ಮಡಚಿಕೊಂಡು, ಮಗು ಮಲಗುವ ಹೊತ್ತಾಯಿತೆಂದು ಮನೆಗೆ ಹೊರಟುಹೋದಳು.

ಗುಂಡುಸೂಜಿ ಚೀಟಿಯನ್ನು ಚುಚ್ಚಿಕೊಂಡೇ ತಣ್ಣನೆಯ ನೆಲದ ಮೇಲೆ ಬಿದ್ದಿದ್ದ. ಹೊದೆಯಲು ಅವನಿಗೆ ಆ ಕಾಗದವೊಂದೇ ಉಳಿದಿತ್ತು.