ಸಡಿಲ ಹೊಲಿಗೆ

ಹದಿಮೂರರ ಇಂದುಮತಿ ಉದ್ದವಾದಂತೆ ಅವಳ ಹಸಿರು ಲಂಗ ಗಿಡ್ಡವಾಯಿತು. ಅದನ್ನು ಹೊಲಿದ ಅಮ್ಮ ಈಗಿಲ್ಲ. ಅಪ್ಪನನ್ನು ಮದುವೆಯಾಗಿ ಹೊಸದಾಗಿ ಮನೆಗೆ ಬಂದ ಚಿಕ್ಕಮ್ಮ, ಲಂಗದ ಅಂಚು ಬಿಚ್ಚಲು ಕತ್ತರಿ ತಂದಳು.

“ದೂರ ನಿಲ್ಲು!” ಎಂದು ಲಂಗ ಕತ್ತರಿಯನ್ನು ಗದರಿತು. “ಇದು ಅಮ್ಮನ ಹೊಲಿಗೆ. ನಿನ್ನೆ ಮೊನ್ನೆ ಬಂದವರು ಮುಟ್ಟಕೂಡದು.”

ಇಂದುಮತಿಯೂ ಲಂಗವನ್ನು ಎದೆಗವಚಿಕೊಂಡಳು.

“ಮುಟ್ಟುವುದಿಲ್ಲ, ಒಂದು ಮಾತು ಕೇಳುತ್ತೇನೆ,” ಎಂದಿತು ಕತ್ತರಿ. “ನಿನ್ನ ಸೊಂಟದ ಹೊಲಿಗೆ ಜಗ್ಗಿದರೂ ಬಿಚ್ಚದು. ಅಂಚಿನದು ಮಾತ್ರ ಏಕೆ ಇಷ್ಟು ಸಡಿಲ? ಒಳಗೆ ಗೇಣುದ್ದ ಬಟ್ಟೆ ಮಡಚಿಟ್ಟವರು ಯಾರು?”

“ಅಮ್ಮನೇ,” ಎಂದಿತು ಲಂಗ, ಮೆಲ್ಲಗೆ.

“ಹಾಗಾದರೆ ಬಿಚ್ಚಲೆಂದೇ ಹೊಲಿದಿದ್ದಾಳೆ.”

ಅಷ್ಟರಲ್ಲಿ ಚಿಕ್ಕಮ್ಮ ಕತ್ತರಿಯನ್ನು ಹುಡುಗಿಯ ಕೈಗೇ ಕೊಟ್ಟಳು. “ನೀನೇ ಬಿಚ್ಚಮ್ಮ. ನೀನು ಬೆಳೀತೀಯ ಅಂತ ನಿಮ್ಮಮ್ಮ ಆಗಲೇ ಯೋಚಿಸಿದ್ರು, ನೋಡು.”

ಇಂದುಮತಿ ಒಂದು ಎಳೆ ಕತ್ತರಿಸಿ ಎಳೆದಳು. ಅಂಚು ಸರ್ರನೆ ಬಿಚ್ಚಿಕೊಂಡಿತು. ಬಿಸಿಲು ಕಾಣದ ಒಳಮಡಿಕೆ ಹೊಚ್ಚಹೊಸ ಹಸಿರಾಗಿ ಇಳಿಯಿತು. ತನ್ನ ಬಣ್ಣ ಕಂಡು ಲಂಗಕ್ಕೇ ಬೆರಗು.

ಇಂದುಮತಿ ಅದನ್ನು ಉಟ್ಟು ಗಿರಗಿರನೆ ಸುತ್ತಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿ ಚಿಕ್ಕಮ್ಮನ ಕೈಗಿತ್ತಳು.

“ಸ್ವಲ್ಪ ಒಳಗೆ ಮಡಚಿ, ಸಡಿಲವಾಗೇ ಹೊಲೀರಿ ಚಿಕ್ಕಮ್ಮ. ನಾನಿನ್ನೂ ಬೆಳೀತೀನಿ.”