ಬಂಡೆಯ ಸಂದಿನ ಪೊರಕೆಗಿಡ

ಕಲ್ಲುಗುಡ್ಡದ ಪೂಜ್ಯ ನಿರಂಜನ ಶಿವಯೋಗಿಗಳವರ ಮಠವೆಂದರೆ ಎರಡು ಅಂಕಣದ ಕಲ್ಲುಮನೆ, ಒಂದು ಕಂಬಳಿ, ಒಂದು ತಾಮ್ರದ ಬಿಂದಿಗೆ. ಸಂಪತ್ತು ಅಷ್ಟೇ! ಆ ಬಾಗಿಲಿಗೆ ಒಂದು ಸೋಮವಾರ ಅರಮನೆ ತೋಟದ ಮೇಸ್ತ್ರಿ ಮುದ್ದಯ್ಯ ಏದುಸಿರು ಬಿಡುತ್ತ ಬಂದ. ಕಂಕುಳಲ್ಲಿ ತಗಡಿನ ಡಬ್ಬ, ಡಬ್ಬದಲ್ಲೊಂದು ಗಿಡ.

ಗಿಡವೋ, ನೋಡಿದರೆ ನಗು ಬರಬೇಕು. ಎಲೆ ಕಾಣದು, ಬರೀ ಹಸಿರು ಕಡ್ಡಿಗಳ ಕಟ್ಟು. ಮೆಡಿಟರೇನಿಯನ್ ಸಮುದ್ರದ ದಂಡೆಯಿಂದ ಅರಸರು ತರಿಸಿದ ಬೀಜ. ತೋಟದ ಆಳುಗಳು ಪೊರಕೆಗಿಡವೆಂದೇ ಹೆಸರಿಟ್ಟಿದ್ದರು. "ಇದರ ಹಳದಿ ಹೂವು ತೋರಿಸದಿದ್ದರೆ ಇನ್ನು ಕತ್ತರಿ ಮುಟ್ಟೆ" ಎಂದು ಮುದ್ದಯ್ಯ ಅರಸರೆದುರು ಮೀಸೆ ತಿರುವಿ ಮಾತು ಕೊಟ್ಟಿದ್ದ. ಹನ್ನೆರಡು ಸಸಿಗಳಲ್ಲಿ ಹನ್ನೊಂದು ಸತ್ತಿದ್ದವು. ಉಳಿದ ಇದೊಂದೂ ಬುಡದಲ್ಲಿ ಕಪ್ಪಾಗುತ್ತಿತ್ತು.

ನಿಜ ಹೇಳಬೇಕೆಂದರೆ ಸ್ವಾಮಿಗಳಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಹೋಗಿ ಕೇಳು ಎಂಬ ಹೆಂಡತಿಯ ಕಾಟ ತಡೆಯಲಾರದೆ ಗುಡ್ಡ ಹತ್ತಿದ್ದ.

"ಏನೇನು ಮಾಡಿದೆಯಪ್ಪಾ?" ಎಂದು ಶಿವಯೋಗಿಗಳು ವಿಚಾರಿಸಿದರು.

"ಏನು ಮಾಡಿಲ್ಲ ಕೇಳಿ ಬುದ್ಧೀ! ದಿನಕ್ಕೆರಡು ಹೊತ್ತು ನೀರು, ಸಗಣಿ ಗೊಬ್ಬರ, ಹಿಂಡಿ ನೆನೆಸಿದ ನೀರು. ಅರಮನೆ ಗುಡಿಯ ಅಭಿಷೇಕದ ಹಾಲು, ಮೊಸರು, ಎಳನೀರು, ಎಲ್ಲಾ ಇದರ ಬುಡಕ್ಕೇ!" ಎನ್ನುತ್ತಲೇ ಅವನ ಕೈ ಮಠದ ಬಿಂದಿಗೆಗೆ ಹೋಯಿತು.

ಶಿವಯೋಗಿಗಳು ಬಿಂದಿಗೆಯ ಬಾಯನ್ನು ಅಂಗೈಯಿಂದ ಮುಚ್ಚಿದರು. "ಬಾಯಾರಿದವರಿಗೆ ಹಾಕು, ಮುದ್ದಯ್ಯ. ಇದಕ್ಕೆ ಬಾಯಾರಿಲ್ಲ."

ತಾವೇ ಎದ್ದು ತಗಡು ಸೀಳಿದರು. ಬೇರು ಅಲುಗದಂತೆ ಗಿಡವನ್ನೆತ್ತಿ, ದಿನವಿಡೀ ಬಿಸಿಲು ಬೀಳುವ ಬಂಡೆಯ ಸಂದಿನಲ್ಲಿ, ಗರಸು ಮಣ್ಣಿನಲ್ಲಿ ಊರಿ, ಒಂದೇ ಬೊಗಸೆ ನೀರು ಕೊಟ್ಟರು. "ಸೋಮವಾರ ಸೋಮವಾರ ಬಾ. ಬರಿಗೈಯಲ್ಲಿ ಬಾ" ಎಂದರು.

ಗರಸಿನಲ್ಲಿ ಗಿಡ ಬದುಕುವುದುಂಟೇ! ಮುದ್ದಯ್ಯ ಗೊಣಗುತ್ತಲೇ ಬಂದ. ಬಂದು ಕೈಕಟ್ಟಿ ಕೂತ. ನೀರು ಹನಿಸಲು ಕೈ ತುರಿಸುತ್ತಿತ್ತು, ಪಾಪ. ಬುಡದ ಕಪ್ಪು ಅಲ್ಲಿಗೇ ನಿಂತಿತು. ಮಳೆಗಾಲ ಕಳೆದ ಮೇಲೆ ಹೊಸ ಕಡ್ಡಿಗಳು ಚಿಗುರಿದವು.

ಎರಡನೆಯ ಚೈತ್ರ. ಗುಡ್ಡ ಅರ್ಧ ಹತ್ತುವಷ್ಟರಲ್ಲೇ ಘಮ! ತಿರುವಿನಲ್ಲಿ ತಲೆಯೆತ್ತಿದರೆ, ಅಯ್ಯೋ ಶಿವನೇ, ಕಡ್ಡಿ ಕಡ್ಡಿಗೂ ಹೂವು! ಅವರೆ ಹೂವಿನ ಆಕಾರ, ಅಪ್ಪಟ ಅರಿಸಿನದ ಬಣ್ಣ, ಸುತ್ತ ಜೇನುಹುಳುಗಳ ಗದ್ದಲ. "ಬಂತು ಬುದ್ಧೀ, ಹೂವು ಬಂತು!" ಎಂದು ಕೂಗುತ್ತ ಓಡಿದವನು ಸಂಭ್ರಮದಲ್ಲಿ ಮಾಡಿದ್ದೇನು ಗೊತ್ತೇ? ಬಿಂದಿಗೆ ತುಂಬಿಕೊಂಡು ನೇರ ಗಿಡದ ಬುಡಕ್ಕೇ ನುಗ್ಗಿದ! ಮೂವತ್ತು ವರ್ಷದ ಅಭ್ಯಾಸ.

ಬಗ್ಗಿಸಿದ ಬಿಂದಿಗೆ ನಡುವೆಯೇ ನಿಂತಿತು. ತಿರುಗಿ ನೋಡಿದ. ಜಗಲಿಯ ಮೇಲೆ ಶಿವಯೋಗಿಗಳು ಮುಗುಳ್ನಗುತ್ತ ಕುಳಿತಿದ್ದರು. ಅಷ್ಟರಲ್ಲಿ ಸೌದೆಹೊರೆ ಹೊತ್ತ ಮುದುಕಿಯೊಬ್ಬಳು ಒಣಗಿದ ತುಟಿ ಸವರಿಕೊಳ್ಳುತ್ತ ಆ ದಾರಿಯಲ್ಲಿ ಬಂದಳು.

"ಬಾಯಾರಿದೆಯೇನವ್ವಾ?" ಎಂದು ಮುದ್ದಯ್ಯ ಕೇಳಿದ. ಅವಳು ಹೊರೆ ಇಳಿಸಿ ಬೊಗಸೆಯೊಡ್ಡಿದಳು. ದಾಹ ತೀರುವಷ್ಟು ಕುಡಿದು, "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ" ಎಂದಳು. ಹನ್ನೊಂದು ಗಿಡಗಳಿಗೆ ಅಷ್ಟು ಸುರಿದರೂ ಇಂಥ ತೃಪ್ತಿಯನ್ನು ಅವನು ಕಂಡಿರಲಿಲ್ಲ. ಗಳಗಳನೆ ಅತ್ತು ಗುರುಪಾದಕ್ಕೆ ಬಿದ್ದ.

"ಹೂವು ಬಾಡಿದ ಮೇಲೆ ಹಸಿರು ಕಡ್ಡಿಗಳನ್ನಷ್ಟೇ ಕತ್ತರಿಸು, ಹಳೇ ಕಾಂಡಕ್ಕೆ ಕತ್ತರಿ ತಾಗಿಸಬೇಡ" ಎಂದರು ಗುರುಗಳು.

ಅರಸರಿಗೆ ಹೂವು ಮುಟ್ಟಿತು, ಕೊಟ್ಟ ಮಾತು ಉಳಿಯಿತು. ಮುದ್ದಯ್ಯ ಮಾತ್ರ ಅದೇ ತಿರುವಿನಲ್ಲಿ ಅರವಟ್ಟಿಗೆಯಿಟ್ಟು, ಕಡೆಯುಸಿರಿನವರೆಗೂ ದಾರಿಹೋಕರಿಗೆ ನೀರೆರೆದ. ಬಾಯಾರಿದೆಯೇ ಎಂದು ಕೇಳದೆ ಅವನು ಬಿಂದಿಗೆ ಬಗ್ಗಿಸಿದ್ದನ್ನು ಆಮೇಲೆ ಯಾರೂ ಕಂಡಿಲ್ಲ.